ರಾತ್ರಿ ಹನ್ನೊಂದರ ಹಸಿವಿಗೆ ತಣ್ಣನೆಯ ಅನ್ನ

ರಾತ್ರಿ ಹನ್ನೊಂದು ಗಂಟೆ. ಊಟ ಎಂಟಕ್ಕೇ ಮುಗಿದಿದೆ, ಮತ್ತೆ ಹೊಟ್ಟೆ ಚುರುಗುಟ್ಟುತ್ತಿದೆ. ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ, ಹಾಗಾಗಿ ಮಿಕ್ಸಿ ಹಾಕುವಂತಿಲ್ಲ, ಕುಕ್ಕರ್ ಕೂಗಿಸುವಂತಿಲ್ಲ. ಫ್ರಿಜ್ಜಿನಲ್ಲಿ ಒಂದು ಡಬ್ಬಿ ಮಿಕ್ಕ ಅನ್ನ ಇದೆ. ಕಪಾಟಿನಲ್ಲಿ ಅವಲಕ್ಕಿ, ಒಂದಿಷ್ಟು ಮಂಡಕ್ಕಿ, ಕಡಲೆಕಾಯಿ ಬೀಜ. ಬುಟ್ಟಿಯಲ್ಲಿ ಒಂದು ಈರುಳ್ಳಿ, ಎರಡು ಹಸಿಮೆಣಸಿನಕಾಯಿ, ಅರ್ಧ ನಿಂಬೆಹಣ್ಣು.

ಇಷ್ಟಿದ್ದರೆ ಹತ್ತು ನಿಮಿಷದಲ್ಲಿ ತಟ್ಟೆಗೆ ಏನಾದರೂ ಬಿಸಿಬಿಸಿ ಬಂದುಬಿಡುತ್ತದೆ. ಇದು ಎಲ್ಲರಿಗೂ ಗೊತ್ತಿರುವುದೇ. ಆದರೆ ಸ್ವಲ್ಪ ಯೋಚಿಸಿ ನೋಡಿ. ಹಸಿ ಅಕ್ಕಿ ತೊಳೆದು ಇಟ್ಟರೆ, ಅನ್ನ ಆಗಿ ಕುಕ್ಕರಿನ ಮುಚ್ಚಳ ತೆಗೆಯುವ ಹೊತ್ತಿಗೆ ಅರ್ಧ ಗಂಟೆ ಹಿಡಿಯುತ್ತದೆ. ಅದೇ ಭತ್ತದಿಂದ ಬಂದ ಅವಲಕ್ಕಿಗೆ ನೀರು ಸೋಕಿಸಿ ಎರಡು ನಿಮಿಷ ಬಿಟ್ಟರೆ ಸಾಕು. ಮಂಡಕ್ಕಿಗೆ ಅದೂ ಬೇಡ, ಡಬ್ಬಿಯಿಂದ ನೇರ ಬಾಯಿಗೆ. ಮೂರೂ ಅಕ್ಕಿಯೇ ಅಲ್ವಾ? ಹಾಗಾದರೆ ಇಷ್ಟು ವ್ಯತ್ಯಾಸ ಎಲ್ಲಿಂದ ಬಂತು?

ಅವಲಕ್ಕಿ, ಮಂಡಕ್ಕಿ, ಮಿಕ್ಕ ಅನ್ನ ಇವೆಲ್ಲ ಆಗಲೇ ಒಂದು ಸಲ ಬೆಂದಿವೆ. ಕಷ್ಟದ ಕೆಲಸವನ್ನು ಬೇರೆಯವರೋ, ಮಧ್ಯಾಹ್ನದ ನಾವೋ ಮುಗಿಸಿಟ್ಟಿದ್ದೇವೆ. ರಾತ್ರಿ ನಾವು ಮಾಡುವುದು ಅಡುಗೆಯ ಕೊನೆಯ ಹತ್ತು ನಿಮಿಷ ಮಾತ್ರ. ಹಾಗಾದರೆ ಬೇಯುವುದು ಅಂದರೆ ಅಕ್ಕಿಯ ಒಳಗೆ ನಡೆಯುವುದೇನು, ಬೆಂದದ್ದು ತಣ್ಣಗಾದರೆ ಏನಾಗುತ್ತದೆ, ಮತ್ತೆ ಬಿಸಿ ಮಾಡಿದರೆ ಏನಾಗುತ್ತದೆ? ಇದು ಒಂದು ಸಲ ಅರ್ಥವಾದರೆ ಚಿತ್ರಾನ್ನ ಮುದ್ದೆಯಾಗುವುದು, ಅವಲಕ್ಕಿ ಅಂಟಂಟಾಗುವುದು, ಮಂಡಕ್ಕಿ ಮೆತ್ತಗಾಗುವುದು ಯಾಕೆ ಅಂತ ಬೇರೆ ಬೇರೆಯಾಗಿ ಕಲಿಯಬೇಕಾಗಿಲ್ಲ. ಅಳತೆ ನೋಡದೆ ಕೈ ತಾನಾಗಿ ಸರಿಯಾಗಿ ನಡೆಯುತ್ತದೆ.

ಶಾಲೆಯಲ್ಲಿ ಪಿಷ್ಟ ಅಂತ ಓದಿದ್ದೇವೆ. ಮನೆಯಲ್ಲಿ ಅದನ್ನೇ ಗಂಜಿ ಅನ್ನುತ್ತೇವೆ. ಒಣ ಅಕ್ಕಿಯ ತೂಕದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಇದೇ ಇರುತ್ತದೆ. ಪಿಷ್ಟದಲ್ಲಿ ಎರಡು ಬಗೆ. ಒಂದು ಅಮೈಲೋಸ್, ಉದ್ದನೆಯ ದಾರದ ಹಾಗೆ. ಇನ್ನೊಂದು ಅಮೈಲೋಪೆಕ್ಟಿನ್, ಕವಲು ಕವಲಾಗಿ ಒಡೆದು ಹರಡಿದ ಸೀಗೆಮೆಳೆಯ ಹಾಗೆ. ಈ ಎರಡೂ ಸೇರಿ ಕಣ್ಣಿಗೆ ಕಾಣದಷ್ಟು ಚಿಕ್ಕ ಚಿಕ್ಕ ಕಣಗಳಾಗಿ, ಒಂದರ ಪಕ್ಕ ಒಂದು ಒತ್ತಾಗಿ ಕೂತಿರುತ್ತವೆ. ಎಷ್ಟು ಒತ್ತಾಗಿ ಅಂದರೆ ತಣ್ಣೀರು ಸ್ವಲ್ಪ ಒಳಗೆ ಇಳಿದರೂ ಆ ಒತ್ತನ್ನು ಬಿಡಿಸಲು ಅದರಿಂದ ಆಗುವುದಿಲ್ಲ. ಅದಕ್ಕೇ ರಾತ್ರಿಯೆಲ್ಲ ನೆನೆಸಿದ ದೋಸೆ ಅಕ್ಕಿ ಸ್ವಲ್ಪ ಮೆತ್ತಗಾಗುತ್ತದೆ, ಆದರೆ ಬೇಯುವುದಿಲ್ಲ. ಬರೀ ಶಾಖ ಕೊಟ್ಟರೂ ಆಗುವುದಿಲ್ಲ, ಬಾಣಲೆಯಲ್ಲಿ ಹುರಿದ ಅಕ್ಕಿ ಹುರಿದ ಅಕ್ಕಿಯೇ ಆಗಿ ಉಳಿಯುತ್ತದೆ, ಅನ್ನ ಆಗುವುದಿಲ್ಲ. ನೀರು ಮತ್ತು ಶಾಖ ಎರಡೂ ಒಟ್ಟಿಗೆ ಬೇಕು.

ಎರಡೂ ಸೇರಿದಾಗ ಏನಾಗುತ್ತದೆ ಅಂದರೆ, ಅಕ್ಕಿಯ ತಳಿಯನ್ನು ನೋಡಿಕೊಂಡು 55ರಿಂದ 79 ಡಿಗ್ರಿ ಸೆಲ್ಸಿಯಸ್ ಒಳಗೆ ಎಲ್ಲೋ ಒಂದು ಕಡೆ ಆ ಒತ್ತು ಸಡಿಲವಾಗುತ್ತದೆ. ನೀರು ಒಳಗೆ ನುಗ್ಗುತ್ತದೆ. ಕಣ ಉಬ್ಬುತ್ತದೆ. ಒಳಗಿನ ಅಮೈಲೋಸ್ ದಾರಗಳಲ್ಲಿ ಕೆಲವು ಹೊರಗೆ ಜಾರಿ ನೀರಿಗೆ ಬರುತ್ತವೆ. ಅನ್ನ ಬಸಿದಾಗ ಬರುವ ಬಿಳಿ ಗಂಜಿಯಲ್ಲಿ ಇರುವುದು ಹೀಗೆ ಹೊರಗೆ ಬಂದ ಪಿಷ್ಟವೇ. ಬೇಯುವುದು ಅಂದರೆ ಇಷ್ಟೇ. ಹಸಿ ಅಕ್ಕಿ ಹಲ್ಲಿಗೆ ಕಲ್ಲಿನ ಹಾಗೆ ಸಿಗುತ್ತದೆ, ಬೆಂದ ಅಗುಳು ಬೆರಳಲ್ಲಿ ಒತ್ತಿದರೆ ಮೆತ್ತಗೆ ಅಪ್ಪಚ್ಚಿಯಾಗುತ್ತದೆ.

ಈಗ ಬಿಸಿ ಅನ್ನದಿಂದ ಚಿತ್ರಾನ್ನ ಮಾಡಿ ನೋಡಿ. ಸೌಟು ಹಾಕಿ ಎರಡು ಸಲ ಕೈಯಾಡಿಸುವ ಹೊತ್ತಿಗೆ ಅಗುಳು ಒಡೆಯುತ್ತದೆ, ಒಂದಕ್ಕೊಂದು ಅಂಟುತ್ತದೆ, ಅರಿಶಿನ ಒಂದು ಕಡೆ ಹಳದಿ, ಇನ್ನೊಂದು ಕಡೆ ಬಿಳಿಯಾಗಿ ನಿಲ್ಲುತ್ತದೆ. ಬಿಸಿ ಅಗುಳಿನ ಮೈಮೇಲೆ ಆ ಗಂಜಿ ಇನ್ನೂ ಅಂಟಿನ ಹಾಗೆ ಹಸಿಯಾಗಿ ಇರುತ್ತದೆ, ಒಳಗೆ ನೀರು ತುಂಬಿ ಮೆತ್ತಗಿರುತ್ತದೆ. ಅದೇ ಅನ್ನ ಮೂರು ನಾಲ್ಕು ಗಂಟೆ ತಣ್ಣಗೆ ಕೂತ ಮೇಲೆ ಬೇರೆಯೇ ಆಗಿಬಿಡುತ್ತದೆ. ಕೈಯಲ್ಲಿ ಬಿಡಿಸಿದರೆ ಉದುರುದುರಾಗಿ ಬಿಡುತ್ತದೆ.

ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ತುಂಬ ಸಹಾಯ ಮಾಡಿದ್ದು ಗಂಜಿ ಹಾಕಿದ ಸೀರೆ. ನಮ್ಮಜ್ಜಿ ಕಾಟನ್ ಸೀರೆ ಒಗೆದ ದಿನ ಅನ್ನ ಬಸಿದ ಗಂಜಿಯನ್ನು ನೀರಿಗೆ ಕಲಸಿ, ಸೀರೆ ಅದ್ದಿ ಹಿಂಡಿ ಒಣಗಿಸುತ್ತಿದ್ದರು. ಅದ್ದುವಾಗ ಗಂಜಿ ಲೋಳೆ ಲೋಳೆ. ಒಣಗಿದ ಮೇಲೆ ಸೀರೆ ಕಾಗದದ ಹಾಗೆ ಗರಿಗರಿ. ಬಿಸಿಯಲ್ಲಿ ಚೆಲ್ಲಾಪಿಲ್ಲಿಯಾಗಿದ್ದ ಪಿಷ್ಟದ ದಾರಗಳು ತಣ್ಣಗಾಗುತ್ತಾ, ನೀರು ಕಳೆದುಕೊಳ್ಳುತ್ತಾ ಮತ್ತೆ ಒಂದರ ಪಕ್ಕ ಒಂದು ಬಂದು ಕೂರುತ್ತವೆ, ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಅನ್ನದ ಪ್ರತಿ ಅಗುಳಿನಲ್ಲೂ ಇದೇ ನಡೆಯುತ್ತದೆ. ನೇರವಾದ ಅಮೈಲೋಸ್ ದಾರಗಳಿಗೆ ಸಾಲಾಗಿ ನಿಲ್ಲುವುದು ಸುಲಭ, ಅವು ಕೆಲವೇ ಗಂಟೆಗಳಲ್ಲಿ ಕೂತುಬಿಡುತ್ತವೆ. ಕವಲೊಡೆದ ಅಮೈಲೋಪೆಕ್ಟಿನ್‌ಗೆ ದಿನಗಳೇ ಬೇಕು. ಅದಕ್ಕೇ ಸಂಜೆಯ ಹೊತ್ತಿಗೆ ಹದವಾಗಿ ಬಿಗಿಯಾಗುವ ಅನ್ನ ಎರಡನೇ ದಿನಕ್ಕೆ ಒರಟಾಗುತ್ತದೆ.

ಅಮೈಲೋಸ್ ಎಷ್ಟಿದೆ ಅನ್ನುವುದರ ಮೇಲೆ ಅಕ್ಕಿಯ ಗುಣವೇ ನಿಂತಿದೆ. ಪಿಷ್ಟದಲ್ಲಿ ಅದು ನೂರಕ್ಕೆ 10ರಿಂದ 19 ಇದ್ದರೆ ಅನ್ನ ಅಂಟಂಟಾಗುತ್ತದೆ, ಜಪಾನಿನವರು ಕಡ್ಡಿಯಲ್ಲಿ ಎತ್ತಿ ತಿನ್ನುವುದು ಇಂಥ ಅನ್ನವನ್ನೇ. 20ರಿಂದ 25 ಇದ್ದರೆ ಮೆತ್ತಗೂ ಇರುತ್ತದೆ, ಬಿಡಿಬಿಡಿಯೂ ಆಗುತ್ತದೆ. 25ಕ್ಕಿಂತ ಮೇಲಾದರೆ ಉದುರುದುರು, ತಣ್ಣಗಾದ ಮೇಲೆ ಗಟ್ಟಿ. ಚಿತ್ರಾನ್ನ, ಪುಳಿಯೋಗರೆಗೆ ಹಳೇ ಅಕ್ಕಿಯೇ ಬೇಕು ಅಂತ ಹಿರಿಯರು ಹೇಳುವುದೂ ಸುಮ್ನೆ ಅಲ್ಲ, ಹಳೆಯ ಅಕ್ಕಿ ಅಂಟು ಬಿಡುವುದು ಕಡಿಮೆ.

ತಣ್ಣನೆಯ ಅನ್ನ ಮನೆಯಲ್ಲಿ ಇಲ್ಲದಿದ್ದರೆ? ನಮ್ಮಜ್ಜಿ ಹಬ್ಬದ ದಿನ ಮಾಡುತ್ತಿದ್ದ ಹಾಗೆ ಮಾಡಿ. ಅನ್ನವನ್ನು ಅಗಲವಾದ ಪರಾತಕ್ಕೆ ಸುರಿದು, ಒಂದು ಚಮಚ ಎಣ್ಣೆ ಹಾಕಿ, ಕೈಯಿಂದ ಮೆಲ್ಲಗೆ ಹರಡಿ, "ಸ್ವಲ್ಪ ಗಾಳಿ ಆಡಲಿ ಬಿಡು" ಅನ್ನುತ್ತಿದ್ದರು. ಮೇಲಿನ ಹಬೆ ಹೋಗುತ್ತದೆ, ಅಗುಳಿನ ಮೈ ಒಣಗುತ್ತದೆ, ಎಣ್ಣೆ ಅಗುಳುಗಳ ನಡುವೆ ಅಡ್ಡ ನಿಂತು ಅಂಟಲು ಬಿಡುವುದಿಲ್ಲ. ಇಪ್ಪತ್ತು ನಿಮಿಷ ಫ್ಯಾನ್ ಕೆಳಗೆ ಇಟ್ಟರೂ ಪರವಾಗಿಲ್ಲ ಅನ್ನುವಷ್ಟು ಬದಲಾಗುತ್ತದೆ.

ಇನ್ನು ಫ್ರಿಜ್ಜಿನ ಅನ್ನ. ಪಿಷ್ಟ ಹೀಗೆ ಗಟ್ಟಿಯಾಗುವುದು ಅತಿ ಬೇಗ ನಡೆಯುವುದು ಫ್ರಿಜ್ಜಿನ ತಂಪಿನಲ್ಲಿ, ಅಂದರೆ ಸುಮಾರು 4 ಡಿಗ್ರಿಯಲ್ಲಿ. ಬ್ರೆಡ್ ಹೊರಗಿಗಿಂತ ಫ್ರಿಜ್ಜಿನಲ್ಲೇ ಬೇಗ ಒಣಕಲಾಗುವುದಕ್ಕೂ ಇದೇ ಕಾರಣ. ಹಾಗಾಗಿ ಡಬ್ಬಿಯಿಂದ ತೆಗೆದ ಅನ್ನವನ್ನು ನೇರ ಬಾಣಲೆಗೆ ಹಾಕಿದರೆ ಗಂಟು ಗಂಟಾಗಿ ಕೂರುತ್ತದೆ, ತಿಂದರೆ ಹಸಿ ಅಕ್ಕಿ ಅಗಿದ ಹಾಗೆ. ಇದಕ್ಕೆ ಔಷಧ ಬಿಸಿಯೇ. ಅಮೈಲೋಪೆಕ್ಟಿನ್ ಹಿಡಿದುಕೊಂಡಿದ್ದ ಹಿಡಿತ 60 ಡಿಗ್ರಿಯ ಆಸುಪಾಸಿನಲ್ಲೇ ಸಡಿಲವಾಗುತ್ತದೆ. ಅಮೈಲೋಸಿನ ಹಿಡಿತ ಮಾತ್ರ ಕುದಿಯುವ ನೀರಿನ ಬಿಸಿಗೂ ಬಿಡುವುದಿಲ್ಲ. ಇದು ನಮಗೆ ಒಳ್ಳೆಯದೇ, ಯಾಕಂದರೆ ಬಿಸಿ ಮಾಡಿದ ತಂಗಳನ್ನ ಮೆತ್ತಗೂ ಆಗುತ್ತದೆ, ಮತ್ತೆ ಮುದ್ದೆಯೂ ಆಗುವುದಿಲ್ಲ. ಮೊದಲು ಕೈಗೆ ಒಂದು ತೊಟ್ಟು ಎಣ್ಣೆ ಸವರಿಕೊಂಡು ಗಂಟು ಬಿಡಿಸಿ. ಬಾಣಲೆಗೆ ಹಾಕಿದ ಮೇಲೆ ಒಂದೆರಡು ಚಮಚ ನೀರು ಚಿಮುಕಿಸಿ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಎರಡು ನಿಮಿಷ ಬಿಡಿ. ಮುಚ್ಚಳದೊಳಗಿನ ಹಬೆಯೇ ಕೆಲಸ ಮಾಡುತ್ತದೆ. ಹೆಚ್ಚು ಕೈಯಾಡಿಸಬೇಡಿ.

ಈ ಬಿಗಿಹಿಡಿದ ಪಿಷ್ಟದಲ್ಲಿ ಒಂದು ಪಾಲು ನಮ್ಮ ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ಮುಂದೆ ಹೋಗುತ್ತದೆ. ಇಂಡೊನೇಷ್ಯಾದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆಗಷ್ಟೇ ಮಾಡಿದ ಬಿಳಿ ಅನ್ನದ 100 ಗ್ರಾಮಿನಲ್ಲಿ ಇಂಥ ಪಿಷ್ಟ 0.64 ಗ್ರಾಂ ಇತ್ತು, 24 ಗಂಟೆ 4 ಡಿಗ್ರಿಯಲ್ಲಿಟ್ಟು ಮತ್ತೆ ಬಿಸಿ ಮಾಡಿದ ಅನ್ನದಲ್ಲಿ 1.65 ಗ್ರಾಂ ಇತ್ತು. ಅದನ್ನು ತಿಂದವರ ರಕ್ತದ ಸಕ್ಕರೆಯೂ ಸ್ವಲ್ಪ ಕಡಿಮೆ ಏರಿತು. ನೂರು ಗ್ರಾಮಿನಲ್ಲಿ ಒಂದು ಗ್ರಾಂ ವ್ಯತ್ಯಾಸ ಅನ್ನುವುದನ್ನು ಮಾತ್ರ ಮರೆಯಬೇಡಿ. ಸಕ್ಕರೆ ಕಾಯಿಲೆ ಇರುವವರು ತಂಗಳನ್ನ ಅಂದುಕೊಂಡು ಎರಡು ತಟ್ಟೆ ಜಾಸ್ತಿ ಉಂಡರೆ ಅದು ಉಪಯೋಗಕ್ಕೆ ಬರುವುದಿಲ್ಲ.

ಅನ್ನ ಸರಿಯಾಯಿತು ಅಂದರೆ ಉಳಿದದ್ದು ಒಗ್ಗರಣೆ. ಚಿತ್ರಾನ್ನದ ರುಚಿ ಪೂರ್ತಿ ಇಲ್ಲೇ ಇದೆ ಅಂತ ನಾನು ನಂಬಿದ್ದೇನೆ, ಹಾಗಾಗಿ ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ. ಮಸಾಲೆ ಪದಾರ್ಥಗಳ ಪರಿಮಳದಲ್ಲಿ ಹೆಚ್ಚಿನದು ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಎಣ್ಣೆ ಆ ಪರಿಮಳವನ್ನು ಹೊತ್ತುಕೊಂಡು ಹೋಗಿ ಪ್ರತಿ ಅಗುಳಿಗೂ ಸವರುತ್ತದೆ. ಅದಕ್ಕೇ ಒಂದೂವರೆ ಬಟ್ಟಲು ಅನ್ನಕ್ಕೆ ಒಂದು ದೊಡ್ಡ ಚಮಚದಷ್ಟಾದರೂ ಎಣ್ಣೆ ಬೇಕು, ಅದಕ್ಕಿಂತ ಕಡಿಮೆ ಮಾಡಿದರೆ ಸಾಸಿವೆ ಬೇವು ಎಲ್ಲ ಇದ್ದೂ ಚಿತ್ರಾನ್ನ ಸಪ್ಪೆ ಅನ್ನಿಸುತ್ತದೆ.

ಯಾವುದನ್ನು ಮೊದಲು ಹಾಕಬೇಕು ಅನ್ನುವುದಕ್ಕೂ ಕಾರಣ ಇದೆ. ಕಡಲೆಕಾಯಿ ಬೀಜಕ್ಕೆ ನಿಧಾನವಾದ ಬಿಸಿ ಬೇಕು, ಮೈ ಕಂದಾಗುವ ಮೊದಲು ಒಳಗೆ ಬಿಸಿ ಹೋಗಬೇಕು. ಹಾಗಾಗಿ ಅದನ್ನು ಮೊದಲೇ ಸಣ್ಣ ಉರಿಯಲ್ಲಿ ಹುರಿದು ತೆಗೆದಿಡುವುದು ಒಳ್ಳೆಯದು. ಇನ್ನೊಂದು ಸ್ವಲ್ಪ ಕೆಂಪಾಗಲಿ ಅನ್ನಿಸುವಾಗಲೇ ತೆಗೆಯಿರಿ, ಒಳಗಿರುವ ಬಿಸಿಯಲ್ಲಿ ಅದು ತಟ್ಟೆಯಲ್ಲೂ ಹುರಿಯುತ್ತಲೇ ಇರುತ್ತದೆ. ಆಮೇಲೆ ಸಾಸಿವೆ. ಸಾಸಿವೆ ಕಾಳಿನ ಒಳಗೆ ಸ್ವಲ್ಪ ನೀರಿನಂಶ ಇರುತ್ತದೆ, ಕಾದ ಎಣ್ಣೆಯಲ್ಲಿ ಅದು ಹಬೆಯಾಗಿ ಸಿಪ್ಪೆ ಒಡೆದುಕೊಂಡು ಹೊರಗೆ ಬರುತ್ತದೆ. ಆ ಚಟಪಟ ನಮಗೆ ಎಣ್ಣೆ ಕಾದಿದೆ ಅನ್ನುವ ಸೂಚನೆಯೂ ಹೌದು. ಸಿಡಿಯದ ಸಾಸಿವೆ ಕಹಿ, ಕರಿದುಹೋದ ಸಾಸಿವೆ ಇನ್ನೂ ಕಹಿ. ಸಿಡಿಯುವುದು ಅರ್ಧ ಆಗಿರುವಾಗ ಕಡಲೆಬೇಳೆ, ಉದ್ದಿನಬೇಳೆ ಹಾಕಿ. ಅವು ಹೊಂಬಣ್ಣಕ್ಕೆ ಬಂದ ಮೇಲೆ ಚಿಟಿಕೆ ಇಂಗು. ಹಸಿ ಇಂಗು ಮೂಗು ಮುಚ್ಚಿಕೊಳ್ಳುವ ಹಾಗೆ ನಾರುತ್ತದೆ, ಅದರಲ್ಲಿರುವುದು ಗಂಧಕದ ಪದಾರ್ಥಗಳು. ಬಿಸಿ ಎಣ್ಣೆಗೆ ಬಿದ್ದ ಕೂಡಲೆ ಆ ಒರಟು ಹೋಗಿ ಈರುಳ್ಳಿ, ಬೆಳ್ಳುಳ್ಳಿ ಹುರಿದ ಹಾಗಿನ ಘಮ ಬರುತ್ತದೆ. ಕರಿಬೇವು, ಹಸಿಮೆಣಸು ಇವುಗಳಲ್ಲಿ ನೀರು ಜಾಸ್ತಿ, ಅದಕ್ಕೇ ಎಣ್ಣೆಗೆ ಹಾಕಿದಾಗ ಎಗರುತ್ತವೆ, ಮುಖ ಹಿಂದೆ ಇಟ್ಟುಕೊಳ್ಳಿ. ಆಮೇಲೆ ಈರುಳ್ಳಿ. ಅದು ಹಾಕಿದ ಮೇಲೆ ಎಣ್ಣೆಯ ಬಿಸಿ ಒಮ್ಮೆಲೇ ಇಳಿಯುತ್ತದೆ, ಆಗ ಅರಿಶಿನ ಮತ್ತು ಉಪ್ಪು ಹಾಕಿದರೆ ಸೀಯುವುದಿಲ್ಲ. ಉಪ್ಪನ್ನು ಅನ್ನದ ಮೇಲೆ ಉದುರಿಸುವುದಕ್ಕಿಂತ ಒಗ್ಗರಣೆಯಲ್ಲೇ ಕರಗಿಸಿದರೆ ಎಲ್ಲ ಕಡೆಯೂ ಸಮವಾಗಿ ಹಿಡಿಯುತ್ತದೆ.

ನಿಂಬೆರಸ ಮಾತ್ರ ಒಲೆ ಆರಿಸಿದ ಮೇಲೆ. ನಿಂಬೆಯ ಘಮ ಬಿಸಿಗೆ ಹಾರಿಹೋಗುತ್ತದೆ, ಉಳಿಯುವುದು ಬರೀ ಹುಳಿ. ನಿಂಬೆ ಬಿದ್ದಾಗ ಚಿತ್ರಾನ್ನದ ಹಳದಿ ಇನ್ನಷ್ಟು ಹೊಳೆಯುವುದನ್ನು ನೋಡಿದ್ದೀರಾ? ಅರಿಶಿನದ ಬಣ್ಣ ಹುಳಿಯಲ್ಲಿ ಹಳದಿ, ಕ್ಷಾರದಲ್ಲಿ ಕೆಂಪು. ಆರತಿಗೆ ಅರಿಶಿನದ ನೀರಿಗೆ ಸುಣ್ಣ ಕಲಸಿ ಕೆಂಪು ಓಕುಳಿ ಮಾಡುತ್ತೇವಲ್ಲ, ಅದರ ತದ್ವಿರುದ್ಧ ಕೆಲಸ ನಿಂಬೆಯದು.

ಈಗ ಅನ್ನವೇ ಇಲ್ಲದ ರಾತ್ರಿ. ಅವಲಕ್ಕಿ ಡಬ್ಬಿ ತೆಗೆಯಿರಿ. ಅವಲಕ್ಕಿ ಮಾಡುವವರು ಭತ್ತವನ್ನು ಸಿಪ್ಪೆಸಮೇತ ನೆನೆಸಿ, ನೀರು ಬಸಿದು, ಕಾದ ಮರಳಿನಲ್ಲೋ ಬಾಣಲೆಯಲ್ಲೋ ಹುರಿದು, ಬಿಸಿ ಇರುವಾಗಲೇ ಕುಟ್ಟುತ್ತಾರೆ. ಹಿಂದೆ ಒನಕೆ, ಈಗ ಯಂತ್ರ. ನೆನೆದಾಗ ನೀರು ಒಳಗೆ ಸೇರಿತು, ಹುರಿದಾಗ ಶಾಖ ಸಿಕ್ಕಿತು, ಅಂದರೆ ಸಿಪ್ಪೆಯ ಒಳಗೇ ಅಕ್ಕಿ ಬೆಂದಾಯಿತು. ಕುಟ್ಟಿದ ಮೇಲೆ ಅದು ಹಾಳೆಯಷ್ಟು ತೆಳ್ಳಗಾಗುತ್ತದೆ. ನಾವು ನೀರು ಹಾಕಿದಾಗ ಒಳಗೆ ಸೇರಲು ದೂರ ಹೋಗಬೇಕಾಗಿಲ್ಲ. ಎರಡು ನಿಮಿಷದಲ್ಲಿ ಮೆತ್ತಗಾಗುವ ಗುಟ್ಟು ಇದೇ.

ಹಾಗಾಗಿ ಅವಲಕ್ಕಿಯಲ್ಲಿ ನೋಡಬೇಕಾದ್ದು ದಪ್ಪ ಒಂದನ್ನೇ. ಪೇಪರ್ ಅವಲಕ್ಕಿಗೆ ನೀರು ಹಾಕಿದರೆ ಕಥೆ ಮುಗಿಯಿತು, ಹಿಟ್ಟಾಗಿಬಿಡುತ್ತದೆ. ಅದಕ್ಕೆ ಕಾಯಿತುರಿಯ ತೇವವೇ ಸಾಕು. ಕರಾವಳಿಯ ಕಡೆ ಕಾಯಿತುರಿ, ಬೆಲ್ಲ, ಮೆಣಸಿನಪುಡಿ, ಉಪ್ಪು ಸೇರಿಸಿ ಕೈಯಲ್ಲಿ ಕಲಸಿ ತಿನ್ನುತ್ತಾರೆ. ಧಾರವಾಡದ ಕಡೆ ಹಚ್ಚಿದ ಅವಲಕ್ಕಿಗೆ ನೀರೇ ಇಲ್ಲ, ಎಣ್ಣೆ, ಖಾರದ ಪುಡಿ, ಮೆಂತ್ಯದ ಹಿಟ್ಟು ಹಚ್ಚಿ, ಹೆಚ್ಚಿದ ಈರುಳ್ಳಿ ಹಾಕಿ ಕಲಸಿದರೆ ಆಯಿತು. ಒಲೆಯೇ ಬೇಡದ ಇಂಥ ತಿಂಡಿ ನಡುರಾತ್ರಿಗೆ ಹೇಳಿ ಮಾಡಿಸಿದ ಹಾಗಿದೆ. ಒಗ್ಗರಣೆ ಅವಲಕ್ಕಿಗೆ ಮಧ್ಯಮ ದಪ್ಪದ್ದು ಸರಿ. ಜಾಲರಿಯಲ್ಲಿ ಹಾಕಿ ನಲ್ಲಿಯ ಕೆಳಗೆ ಒಂದು ಸಲ ಆಡಿಸಿ, ನೀರು ಪೂರ್ತಿ ಬಸಿದು ಐದು ನಿಮಿಷ ಬಿಡಿ. ಬಟ್ಟಲಲ್ಲಿ ನೀರು ತುಂಬಿ ನೆನೆಹಾಕಬೇಡಿ. ಮೇಲಿನ ಪಿಷ್ಟ ಕರಗಿ ಅಂಟಾಗುವುದು ಅಲ್ಲೇ. ಗಟ್ಟಿ ಅವಲಕ್ಕಿ ಹುಳಿ ಅವಲಕ್ಕಿಗೆ. ಮೈಸೂರು ಕಡೆಯ ಗೊಜ್ಜವಲಕ್ಕಿಯಲ್ಲಿ ಅದನ್ನು ರವೆಯ ಹಾಗೆ ತರಿತರಿಯಾಗಿ ಪುಡಿ ಮಾಡಿ, ಹುಣಸೆರಸ ಮತ್ತು ಬೆಲ್ಲದ ನೀರಲ್ಲೇ ನೆನೆಸುತ್ತಾರೆ. ಎಷ್ಟು ಜಾಣತನ ನೋಡಿ, ಹೇಗೂ ನೀರು ಕುಡಿಯುತ್ತದೆ, ಆ ನೀರಲ್ಲೇ ರುಚಿ ಇಟ್ಟುಬಿಟ್ಟರೆ ಪ್ರತಿ ತರಿಯ ಒಳಗೂ ಹುಳಿ ಸಿಹಿ ಇಳಿಯುತ್ತದೆ. ಆದರೆ ಪುಡಿ ಮಾಡಲು ಮಿಕ್ಸಿ ಬೇಕು, ಹಾಗಾಗಿ ಪುಡಿಯನ್ನು ಹಗಲಲ್ಲೇ ಮಾಡಿಟ್ಟುಕೊಳ್ಳಿ.

ಮಂಡಕ್ಕಿಯ ದಾರಿ ಸ್ವಲ್ಪ ಬೇರೆ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಬೀದಿಗಳೇ ಇವೆ. ಅಲ್ಲಿನವರು ಮಂಡಕ್ಕಿ ಅನ್ನುವುದನ್ನು ಬೆಂಗಳೂರು, ಮೈಸೂರಿನಲ್ಲಿ ಪುರಿ ಅನ್ನುತ್ತಾರೆ, ಧಾರವಾಡದ ಕಡೆ ಚುರಮರಿ. ಭತ್ತವನ್ನು ಮೊದಲು ಕುಚ್ಚಿ, ಒಣಗಿಸಿ, ಅಕ್ಕಿ ಮಾಡಿ, ಅದಕ್ಕೆ ಉಪ್ಪುನೀರು ಹಿಡಿಸಿ, ಕೊನೆಗೆ ಚೆನ್ನಾಗಿ ಕಾದ ಮರಳಿಗೆ ಸುರಿಯುತ್ತಾರೆ. ಕುಚ್ಚುವಾಗಲೇ ಪಿಷ್ಟ ಬೆಂದಿರುತ್ತದೆ. ಕಾದ ಮರಳಲ್ಲಿ ಕಾಳಿನ ಒಳಗೆ ಉಳಿದಿದ್ದ ಚೂರು ನೀರು ಒಮ್ಮೆಲೇ ಹಬೆಯಾಗುತ್ತದೆ, ಮೆತ್ತಗಾದ ಪಿಷ್ಟ ಬಲೂನಿನ ಹಾಗೆ ಉಬ್ಬುತ್ತದೆ, ನೀರು ಹೋದ ಕೂಡಲೆ ಆ ಉಬ್ಬಿದ ಆಕಾರದಲ್ಲೇ ಗಟ್ಟಿಯಾಗುತ್ತದೆ. ಒಳಗೆಲ್ಲ ಗಾಳಿ, ಸುತ್ತ ತೆಳ್ಳನೆಯ ಒಣ ಗೋಡೆ. ಹಲ್ಲಿಗೆ ಸಿಕ್ಕಾಗ ಆ ಗೋಡೆ ಒಡೆಯುವುದೇ ಗರಿಗರಿ.

ಗೋಡೆಗೆ ತೇವ ಸಿಕ್ಕಿದರೆ ಗರಿಗರಿ ಹೋಗುತ್ತದೆ. ಮಳೆಗಾಲದಲ್ಲಿ ತೆರೆದಿಟ್ಟ ಪೊಟ್ಟಣ ಮೆತ್ತಗಾಗುವುದು ಗಾಳಿಯ ತೇವದಿಂದ. ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮೂರು ನಾಲ್ಕು ನಿಮಿಷ ಆಡಿಸಿದರೆ ತೇವ ಹೋಗಿ ಮತ್ತೆ ಗರಿಗರಿ ಬರುತ್ತದೆ, ಎಸೆಯಬೇಕಾಗಿಲ್ಲ. ಚುರುಮುರಿ ಕಲಸುವಾಗ ಮೊದಲು ಎಣ್ಣೆ ಮತ್ತು ಖಾರದ ಪುಡಿ ಹಾಕಿ, ಕರಾವಳಿಯಲ್ಲಾದರೆ ತೆಂಗಿನೆಣ್ಣೆ. ಎಣ್ಣೆ ಒಂದು ಪದರದ ಹಾಗೆ ಕೂತು ತೇವವನ್ನು ಸ್ವಲ್ಪ ಹೊತ್ತು ತಡೆಯುತ್ತದೆ. ಈರುಳ್ಳಿ, ಟೊಮೆಟೊ, ನಿಂಬೆ ಎಲ್ಲ ಕೊನೆಯಲ್ಲಿ, ಉಪ್ಪಂತೂ ಅದಕ್ಕೂ ಕೊನೆಯಲ್ಲಿ, ಯಾಕಂದರೆ ಉಪ್ಪು ಬಿದ್ದ ಕೂಡಲೆ ಟೊಮೆಟೊ ನೀರು ಬಿಡುತ್ತದೆ. ಹುಬ್ಬಳ್ಳಿ ಧಾರವಾಡದ ಗಿರ್ಮಿಟ್‌ನಲ್ಲಿ ಈರುಳ್ಳಿ, ಟೊಮೆಟೊ, ಹುಣಸೆಹುಳಿ ಹಾಕಿ ಬೇಯಿಸಿದ ಗೊಜ್ಜನ್ನೇ ಚುರಮರಿಗೆ ಕಲಸುತ್ತಾರೆ, ಅದು ಮೆತ್ತಗಾಗಬೇಕಲ್ಲ? ಅದಕ್ಕೇ ಪುಟಾಣಿ ಹಿಟ್ಟು ಇರುವುದು. ಹುರಿಗಡಲೆಯ ಆ ಹಿಟ್ಟು ಗೊಜ್ಜಿನ ನೀರನ್ನು ತಾನು ಹೀರಿಕೊಂಡು ಮಸಾಲೆಯನ್ನು ಚುರಮರಿಗೆ ಅಂಟಿಸುತ್ತದೆ. ಆದರೂ ಕಲಸಿದ ತಕ್ಷಣ ತಿನ್ನಬೇಕು, ಫೋನ್ ನೋಡುತ್ತಾ ಕೂರುವ ತಿಂಡಿ ಅದಲ್ಲ. ಬೇಕೆಂದೇ ಮೆತ್ತಗೆ ಮಾಡುವುದಾದರೆ ಸುಸ್ಲಾ ಇದೆ, ಮಂಡಕ್ಕಿಯನ್ನು ನೀರಿಗೆ ಹಾಕಿ ತಕ್ಷಣ ಹಿಂಡಿ ಒಗ್ಗರಣೆಗೆ ಹಾಕುವುದು.

ಪೊಟ್ಟಣದ ನೂಡಲ್ಸ್ ಕೂಡ ಇದೇ ದಾರಿಯದು. 1958ರಲ್ಲಿ ಜಪಾನಿನ ಮೊಮೊಫುಕು ಆಂಡೊ ಅದನ್ನು ಮಾರುಕಟ್ಟೆಗೆ ತಂದರು. ಎಳೆಗಳನ್ನು ಮೊದಲು ಹಬೆಯಲ್ಲಿ ಬೇಯಿಸಿ, ಆಮೇಲೆ ಎಣ್ಣೆಯಲ್ಲಿ ಕರಿಯುತ್ತಾರೆ. ಕರಿದಾಗ ನೀರು ಹಬೆಯಾಗಿ ಹೊರಗೆ ಬಂದ ಜಾಗದಲ್ಲಿ ಸಣ್ಣ ಸಣ್ಣ ತೂತುಗಳು ಉಳಿಯುತ್ತವೆ, ನಾವು ಬಿಸಿನೀರು ಹಾಕಿದಾಗ ಅದೇ ತೂತುಗಳಿಂದ ನೀರು ಒಳಗೆ ಹೋಗುತ್ತದೆ. ನಮ್ಮ ಅವಲಕ್ಕಿ ಆ ಕೆಲಸವನ್ನು ಕರಿಯದೇ ಮಾಡುತ್ತಿದೆ. ಉಪ್ಪಿಟ್ಟಿನ ರವೆ ಈ ಗುಂಪಿಗೆ ಸೇರುವುದಿಲ್ಲ, ಅದು ಹಸಿ ಗೋಧಿಯ ತರಿ, ಅದಕ್ಕೇ ಅದಕ್ಕೆ ಕುದಿಯುವ ನೀರೇ ಬೇಕು, ಮುಚ್ಚಿಟ್ಟು ಬೇಯಿಸಲೂ ಬೇಕು.

ಕರಾವಳಿಯವರು ಇಲ್ಲಿ ಒಂದು ಪ್ರಶ್ನೆ ಕೇಳಬಹುದು. ಕುಚ್ಚಲಕ್ಕಿಯೂ ಸಿಪ್ಪೆಯೊಳಗೇ ಬೆಂದದ್ದಲ್ವಾ, ಮತ್ತೆ ಗಂಜಿಗೆ ಯಾಕೆ ಅಷ್ಟು ಹೊತ್ತು ಕುದಿಸಬೇಕು? ಅದು ಬೆಂದ ಮೇಲೆ ಕಾಳಾಗಿಯೇ ಒಣಗಿ, ಪಿಷ್ಟ ಮತ್ತೆ ಬಿಗಿಯಾಗಿ, ಗಾಜಿನ ಹಾಗೆ ಗಟ್ಟಿಯಾಗಿರುತ್ತದೆ. ತೆಳ್ಳಗೂ ಮಾಡಿಲ್ಲ, ಉಬ್ಬಿಸಿಯೂ ಇಲ್ಲ, ನೀರಿಗೆ ಸುಲಭದ ದಾರಿ ಯಾವುದೂ ಇಲ್ಲ.

ಇಷ್ಟು ಹೇಳಿದ ಮೇಲೆ ಮಿಕ್ಕ ಅನ್ನದ ಇನ್ನೊಂದು ಮುಖವನ್ನೂ ಹೇಳಲೇಬೇಕು, ಇದು ರುಚಿಯ ವಿಷಯಕ್ಕಿಂತ ಮುಖ್ಯ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾ ಇರಬಹುದು. ಮಣ್ಣಿನಿಂದ ಬರುವಂಥದ್ದು. ಅದು ಬೀಜದ ಹಾಗಿನ ಗಟ್ಟಿ ರೂಪದಲ್ಲಿ ಕೂತಿರುತ್ತದೆ, ಅನ್ನ ಕುದಿಯುವಾಗಲೂ ಸಾಯುವುದಿಲ್ಲ. ಅನ್ನ ತಣ್ಣಗಾಗುತ್ತಾ ಬೆಚ್ಚಗೆ ಉಳಿದಾಗ ಮೊಳೆತು ಬೆಳೆಯುತ್ತದೆ, ವಿಷವನ್ನು ಬಿಡುತ್ತದೆ. ಆ ವಿಷ ತಿಂದವರಿಗೆ ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ವಿಷ ಆದ ಮೇಲೆ ಎಷ್ಟು ಬಿಸಿ ಮಾಡಿದರೂ ಅದು ಹೋಗುವುದಿಲ್ಲ. ವಾಸನೆ, ರುಚಿ ಕೆಟ್ಟಿರಲೇಬೇಕು ಅಂತಲೂ ಇಲ್ಲ. "ಚೆನ್ನಾಗಿ ಬಿಸಿ ಮಾಡಿದ್ದೇನಲ್ಲ, ಏನೂ ಆಗಲ್ಲ" ಅನ್ನುವ ಮಾತನ್ನು ನಾವೆಲ್ಲ ಹೇಳುತ್ತೇವೆ. ಈ ಒಂದು ವಿಷಯದಲ್ಲಿ ಅದು ತಪ್ಪು.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಸರಳವಾಗಿದೆ: ಬೇಯಿಸಿದ ಆಹಾರವನ್ನು ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡಬೇಡಿ, 5 ಡಿಗ್ರಿಗಿಂತ ತಂಪಾಗಿಡಿ, ಇಲ್ಲವೇ 60 ಡಿಗ್ರಿಗಿಂತ ಬಿಸಿಯಾಗಿಡಿ. ಮಧ್ಯಾಹ್ನ ಒಂದು ಗಂಟೆಯಿಂದ ಕುಕ್ಕರಿನಲ್ಲೇ ಮುಚ್ಚಿಟ್ಟಿದ್ದ ಅನ್ನವನ್ನು ರಾತ್ರಿ ಹನ್ನೊಂದಕ್ಕೆ ಚಿತ್ರಾನ್ನ ಮಾಡುವ ಅಭ್ಯಾಸವನ್ನು ನಾನು ಬಿಟ್ಟದ್ದು ಇದಕ್ಕೇ. ಕುಕ್ಕರಿನಲ್ಲಿ ದಪ್ಪಗೆ ಕೂತ ಅನ್ನದ ನಡುವಿನ ಭಾಗ ಗಂಟೆಗಟ್ಟಲೆ ಉಗುರು ಬೆಚ್ಚಗೆ ಇರುತ್ತದೆ, ಆ ಜೀವಿಗೆ ಬೇಕಾದ್ದೂ ಅದೇ ಬಿಸಿ. ಊಟ ಮುಗಿದ ಕೂಡಲೆ ಮಿಕ್ಕ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ, ಹಬೆ ಹೋದ ಮೇಲೆ ಚಪ್ಪಟೆ ಡಬ್ಬಿಗೆ ಹಾಕಿ ಫ್ರಿಜ್ಜಿಗೆ ಇಡಿ, ಮರುದಿನದೊಳಗೆ ಮುಗಿಸಿ. ಹರಡಿದ್ದರಿಂದ ಚಿತ್ರಾನ್ನಕ್ಕೆ ಬೇಕಾದ ಉದುರುದುರೂ ಸಿಗುತ್ತದೆ. ಒಮ್ಮೆ ಬಿಸಿ ಮಾಡಿದ್ದನ್ನು ಮತ್ತೆ ಇಡಬೇಡಿ. ಹಳ್ಳಿಯಲ್ಲಿ ಅನ್ನಕ್ಕೆ ನೀರು ಹಾಕಿ ಇಡುತ್ತಿದ್ದರು, ಒಡಿಶಾದಲ್ಲಿ ಅದನ್ನೇ ಪಖಾಳ ಅನ್ನುತ್ತಾರೆ. ಅಲ್ಲಿ ಅನ್ನ ಬೇಗ ತಣ್ಣಗಾಗುತ್ತದೆ, ನೀರಲ್ಲಿ ಮೊಸರಿನ ಜಾತಿಯ ಬ್ಯಾಕ್ಟೀರಿಯಾ ಬೆಳೆದು ಹುಳಿ ಬರುತ್ತದೆ, ಹುಳಿ ಏರಿದ ಹಾಗೆ ಬ್ಯಾಸಿಲಸ್‌ಗೆ ಬೆಳೆಯಲು ಕಷ್ಟವಾಗುತ್ತದೆ. ಸುಮ್ನೆ ಪಾತ್ರೆಯಲ್ಲಿ ಮರೆತು ಬಿಟ್ಟ ಅನ್ನಕ್ಕೂ ಅದಕ್ಕೂ ವ್ಯತ್ಯಾಸ ಇದೆ.

ಒಗ್ಗರಣೆಯ ಸದ್ದೂ ಬೇಡ, ಖಾರವೂ ಬೇಡ ಅನ್ನಿಸುವ ರಾತ್ರಿಗಳು ಇರುತ್ತವೆ. ಆಗ ನಾನು ಮೊಸರನ್ನ ಮಾಡುತ್ತೇನೆ, ಆದರೆ ಫ್ರಿಜ್ಜಿನ ಅನ್ನಕ್ಕೆ ನೇರ ಮೊಸರು ಹಾಕುವುದಿಲ್ಲ. ತಣ್ಣನೆಯ ಮೊಸರಿನಲ್ಲಿ ಆ ಗಟ್ಟಿ ಅಗುಳು ಗಟ್ಟಿಯಾಗಿಯೇ ಉಳಿಯುತ್ತದೆ, ಮೊಸರು ಒಂದು ಕಡೆ, ಅನ್ನ ಒಂದು ಕಡೆ. ಮೊದಲು ಅನ್ನ ಮುಳುಗುವಷ್ಟು ಹಾಲು ಹಾಕಿ ಸಣ್ಣ ಉರಿಯಲ್ಲಿ ಕುದಿಸಿ, ಸೌಟಿನ ಹಿಂಬದಿಯಿಂದ ಚೆನ್ನಾಗಿ ಮಸೆಯುತ್ತೇನೆ. ಚಿತ್ರಾನ್ನದಲ್ಲಿ ಬೇಡವಾಗಿದ್ದ ಅಂಟು ಇಲ್ಲಿ ಬೇಕು. ಬೆರಳಿಟ್ಟರೆ ಸುಡದಷ್ಟು ಆರಿದ ಮೇಲೆ ಮೊಸರು, ಬಿಸಿಯಲ್ಲೇ ಹಾಕಿದರೆ ಒಡೆಯುತ್ತದೆ. ಉಪ್ಪು, ಜಜ್ಜಿದ ಒಂದು ಚೂರು ಶುಂಠಿ. ತಟ್ಟೆಯ ಅಂಚಿನಲ್ಲಿ ಮಿಡಿ ಮಾವಿನ ಉಪ್ಪಿನಕಾಯಿ ಇಟ್ಟುಕೊಂಡರೆ ಅದರ ಕೆಂಪು ರಸ ಮೆಲ್ಲಗೆ ಮೊಸರಿಗೆ ಇಳಿಯುತ್ತಾ ಬರುತ್ತದೆ, ನಾನು ತಿನ್ನಲು ಶುರುಮಾಡುವುದು ಆ ಕಡೆಯಿಂದಲೇ.